ಕೊನೇ ಮೂಲೆ

ಇಟ್ಟಿಗೆಗೂಡಿನಲ್ಲಿ ಹಾಲಿನವನಿಗೂ ಮೊದಲು
ಸಿಂಹ ಕೂಗುತ್ತದೆ.
ಮೃಗಾಲಯದ ಗೋಡೆಯಾಚೆ ಒಂದೇ ಸಲ ಗುಡುಗಿ
ಅದೂ ಮತ್ತೆ ಮುದುರಿಕೊಳ್ಳುತ್ತದೇನೋ;
ನಾನೂ ಕಾಲು ಮಡಿಚಿ ಹೊಟ್ಟೆಗೆ ತಂದುಕೊಳ್ಳುತ್ತೇನೆ.
ಐದು ನಿಮಿಷ.
ಬೇಸಿಗೆಯಲ್ಲಿ ಈ ಐದು ನಿಮಿಷಕ್ಕೆ ಬೆಲೆಯೇ ಇಲ್ಲ.

ಆಮೇಲೆ ಹಂಡೆಯ ಒಲೆ, ತೆಂಗಿನ ಗರಿ ಚಟಚಟ.
ಮುಖ ತೊಳೆಯುವ ನೆಪದಲ್ಲಿ
ಬಿಸಿ ತಂಬಿಗೆ ಕೆನ್ನೆಗೊತ್ತಿಕೊಂಡು ನಿಲ್ಲುವುದು.
ಧನುರ್ಮಾಸದ ಪೂಜೆಯಿಂದ ಇವರು ತರುವ ದೊನ್ನೆಯ ಹುಗ್ಗಿ,
ಮೆಣಸು ಹಲ್ಲಿಗೆ ಸಿಕ್ಕರೆ
ಕಿವಿಯವರೆಗೂ ಒಂದು ಬಿಸಿ.

ಹತ್ತು ಗಂಟೆಗೆ ಬಿಸಿಲು ನಮ್ಮ ಜಗುಲಿಗೆ ಬರುತ್ತದೆ,
ಬಾಡಿಗೆಗೆ ಮನೆ ಕೇಳುವವರ ಹಾಗೆ
ಮೊದಲು ಮೆಟ್ಟಿಲ ಮೇಲೆ ನಿಂತು, ಆಮೇಲೆ ಒಳಗೆ.
ಆಗ ನಾನು ಬೊಂತೆ ಹರಡುತ್ತೇನೆ.
ಪಕ್ಕದ ಮನೆಯ ಶಾವಂತ್ರವ್ವ ಅದನ್ನು ಕೌದಿ ಅನ್ನುತ್ತಾಳೆ,
ಗದಗದವಳು. ಹೆಸರಿಗೆ ಜಗಳವಾಡಿಯೇ ಮೂರು ಚಳಿಗಾಲ ಕಳೆದೆವು.
ಈ ವರ್ಷ ರಾಜಿ: ದಾರ ಅವಳದು, ಬಟ್ಟೆ ನನ್ನದು,
ಹೆಸರು ಹೊದ್ದುಕೊಳ್ಳುವವರು ಇಟ್ಟುಕೊಳ್ಳಲಿ.

ಹೊದ್ದುಕೊಳ್ಳುವವಳು ಮೇಲಿನ ರೂಮಿನ ಸುಗುಣ.
ಎಚ್.ಡಿ. ಕೋಟೆಯ ಹುಡುಗಿ, ದೊಡ್ಡಾಸ್ಪತ್ರೆಯಲ್ಲಿ ರಾತ್ರಿಪಾಳಿ.
ಊರು ಹಲ್ಲುಜ್ಜುವಾಗ ಚಪ್ಪಲಿ ಬಿಡುತ್ತಾಳೆ,
ಊರು ಸಾರಿಗೆ ಒಗ್ಗರಣೆ ಹಾಕುವಾಗ ಅವಳಿಗೆ ನಡುರಾತ್ರಿ.
ಪರದೆ ಸಾಲಲ್ಲ ಆಂಟಿ, ಬಿಸಿಲು ಕಣ್ಣಿಗೇ ಬರುತ್ತೆ, ಅಂದಿದ್ದಳು.
ಅದಕ್ಕೇ ತಲೆಯ ಕಡೆಗೆ ಒಂದು ಮೊಳ
ಮುರಿದ ಕೊಡೆಯ ಕಪ್ಪು ಬಟ್ಟೆ.
ಉಳಿದದ್ದು ಸಿಕ್ಕಿದ್ದು:
ಇವರ ರೈಲ್ವೆ ವರ್ಕ್‌ಶಾಪಿನ ನೀಲಿ ಅಂಗಿ, ಗ್ರೀಸಿನ ಕಲೆ ಸಮೇತ,
ತಮ್ಮನ ಮದುವೆಗೆ ಉಟ್ಟು ಮತ್ತೆ ಉಡದ ನೇರಳೆ ಸೀರೆ,
ಯಾರದೋ ಹೂವಿನ ಪರದೆ; ಯಾರದೆಂದು ಕೇಳಿದರೆ
ಶಾವಂತ್ರವ್ವ ನಗುತ್ತಾಳೆ.

ಇದರ ಸುಖ ಯಾರೂ ಹೇಳಿರಲಿಲ್ಲ ನನಗೆ:
ಹೊಲಿದಷ್ಟೂ ಭಾಗ ತೊಡೆಯ ಮೇಲೆ ಬಂದು ಕೂರುತ್ತದೆ.
ನವೆಂಬರಿನಲ್ಲಿ ಮಂಡಿ ಮುಚ್ಚುತ್ತಿತ್ತು,
ಡಿಸೆಂಬರಿಗೆ ಪಾದ.
ಕೊಡಬೇಕಾದದ್ದನ್ನು ಮೊದಲು ನಾನೇ ಹೊದ್ದೆ.
ಕೂಲಿ ಅಂದುಕೊಂಡೆ.

ಮಧ್ಯಾಹ್ನ ಹೊಲಿಗೆ ಬಿಟ್ಟು ಅವರೆ.
ನೆನೆದ ಕಾಳು ಹಿತುಕಿದರೆ ಚಂಗನೆ ಹಾರಿ
ಇವರ ಪೇಪರಿನ ಮೇಲೆ ಬೀಳುತ್ತದೆ.
ಓದು ನಿಲ್ಲಿಸುವುದಿಲ್ಲ, ಲೆಕ್ಕ ಮಾತ್ರ ಇಡುತ್ತಾರೆ:
ಇವತ್ತು ಏಳು.
ಬೆರಳಿನ ಸೊಗಡು ದಾರಕ್ಕೂ ಹತ್ತಿದೆ.
ಸುಗುಣಳಿಗೆ ಊರು ನೆನಪಾದೀತು. ಆಗಲಿ.

ನಿನ್ನೆ ಒಂದೇ ಮೂಲೆ ಉಳಿದಿತ್ತು,
ಸೂಜಿ ಇಲ್ಲ.
ಸೂಜಿ ಹೊಕ್ಕ ಬೊಂತೆಯನ್ನು ಯಾರ ಮೈಗೆ ಹೊದಿಸುವುದು?
ಇವರು ಹಳೇ ರೇಡಿಯೊ ಬಿಚ್ಚಿ ಸ್ಪೀಕರಿನ ಅಯಸ್ಕಾಂತ ತಂದು
ಇಸ್ತ್ರಿ ಹಾಕುವವರ ಹಾಗೆ ಎಳೆದರು. ಸಿಕ್ಕಿದ್ದು ಒಂದು ಹುಕ್ಕು.
ನಾನು ಅಂಗೈಯಿಂದ, ಶಾವಂತ್ರವ್ವ ಕೆನ್ನೆಯಿಂದ
(ಗಲ್ಲಕ್ಕ ಗೊತ್ತಾಗ್ತೈತ್ರಿ, ಕೈ ಮೊಂಡ ಆಗಿರ್ತಾವು)
ಗೇಣು ಗೇಣು ತಡವಿದೆವು.
ಎರಡು ತಿಂಗಳು ಬರೀ ಕಣ್ಣಿಗೆ ಕಂಡದ್ದು
ಈಗ ಕೈಗೆ ಬಂತು:
ಗ್ರೀಸಿನ ಕಲೆ ಇನ್ನೂ ಗಡುಸು,
ನೇರಳೆ ಸೀರೆ ಅಂದುಕೊಂಡದ್ದಕ್ಕಿಂತ ಮೆತ್ತಗೆ,
ಇನ್ನೆರಡು ಸಲ ಉಡಬಹುದಿತ್ತು.
ಕೊಡೆಬಟ್ಟೆಯ ಮೇಲೆ ಕೆನ್ನೆಯಿಟ್ಟ ಶಾವಂತ್ರವ್ವ
ಮಾತು ನಿಲ್ಲಿಸಿದಳು. ನೋಡಿದರೆ
ನಿದ್ದೆ.

ಹಾಗೇ ಬಿಟ್ಟೆವು.

ಸೂಜಿ ಗೋಡೆಯ ಕ್ಯಾಲೆಂಡರಿನಲ್ಲಿತ್ತು.
ಕಳೆಯದಿರಲೆಂದು ನಾನೇ ಚುಚ್ಚಿದ್ದು
ಸಂಕ್ರಾಂತಿಯ ಕೆಂಪು ಅಂಕಿಯ ಹೊಟ್ಟೆಗೆ.
ಇವರಿಗೆ ಆಗಲೇ ಕಂಡಿತ್ತಂತೆ.
ಹೇಳಬಾರದಿತ್ತೇ ಅಂದೆ.
ರೇಡಿಯೊ ಬಿಚ್ಚಿಯಾಗಿತ್ತಲ್ಲ, ಅಂದರು.

ಇವತ್ತು ಬಿಸಿಲು ಮೆಟ್ಟಿಲ ಮೇಲೆ ನಿಂತಿದೆ.
ಒಂದು ಮೂಲೆ, ಇಪ್ಪತ್ತು ಹೊಲಿಗೆ,
ಕಾಫಿ ಆರುವಷ್ಟು ಕೆಲಸ.
ಮೇಲೆ ಮಂಚದ ಕಿರ್ರು, ಒಂದು ಸಣ್ಣ ಕೆಮ್ಮು.
ಸೂಜಿಗೆ ದಾರ ಪೋಣಿಸಿ
ಬೊಂತೆಯನ್ನು ಕುತ್ತಿಗೆವರೆಗೂ ಎಳೆದುಕೊಂಡಿದ್ದೇನೆ.
ಶಾವಂತ್ರವ್ವ ಬಂದು ಬಯ್ಯಲಿ,
ಆಮೇಲೆ ಚುಚ್ಚುತ್ತೇನೆ.