ಳ

ರೋಲ್ಪಾದಿಂದ ದುರ್ಗಿಗುಡಿಗೆ ಬಂದು ಹನ್ನೊಂದು ತಿಂಗಳು.
ಈ ಒಂದು ಅಕ್ಷರಕ್ಕೆ ಮಾತ್ರ ನಾಲಿಗೆ ಹೊರಳಲಿಲ್ಲ.
ಬಾಲೆಹಣ್ಣು ಅಂದೆ, ಬೆಲ್ಲುಲ್ಲಿ ಅಂದೆ,
ಹುಷಾರಾಗಿ ನಾಲಿಗೆ ಮಡಚಿದ ದಿನವೇ
ಅರ್ಧ ಲೀಟರು ಹಾಳು ಕೊಡಿ ಅಂದುಬಿಟ್ಟೆ.
ಬೂತಿನ ಶಾಂತಪ್ಪ ನಗಲಿಲ್ಲ, ಪಾಪ, ಕೆಮ್ಮಿದರು.

ಬೇರೆ ಗೆಲುವು ಇರಲಿಲ್ಲ ಅಂತಲ್ಲ.
ಸವಳಂಗ ರಸ್ತೆಯ ನಾಯಿ ಈಗ
ನನ್ನ ಚಪ್ಪಲಿ ಸದ್ದಿಗೆ ಒಂದೇ ಕಣ್ಣು ತೆರೆಯುತ್ತದೆ.
ಬಸ್ಸಿನ ಬೋರ್ಡಿನಲ್ಲಿ 'ಸಾಗರ' ಓದಬಲ್ಲೆ;
ಮೊದಲ ಸಲ ಓದಿದಾಗ ಹತ್ತಿಬಿಡೋಣ ಅನಿಸಿತ್ತು,
ಅಲ್ಲಿ ಕೆಲಸವೇನೂ ಇರಲಿಲ್ಲ.
ಹಾಸ್ಟೆಲ್ಲಿನ ಅಡಿಗೆಮನೆಯಲ್ಲಿ ಗುಲಾಬಕ್ಕ
'ಏ ನೇಪಾಳಿ' ಬಿಟ್ಟು
ದಿಲ್‌ಮಾಯಾ ಎಂದು ಪೂರ್ತಿ ಕರೆದಳು, ಮಂಗಳವಾರ.

ಇವತ್ತು ಗಾಂಧಿ ಬಜಾರಿನಲ್ಲಿ
ಗಾಡಿಯವ ಎಲೆಯಡಿ ಮುಚ್ಚಿಟ್ಟದ್ದು ಕಂಡು
ಸಿಟ್ಟು ನೆತ್ತಿಗೇರಿ
"ಕೊಳೆತದ್ದು! ಎಲ್ಲಾ ಕೊಳೆತ ಬಾಳೆಹಣ್ಣು!"

ಮೂರೂ ಸಲ ಸರಿಯಾಗಿ ಬಿತ್ತು.

ಅವನು ದಿನದಂತೆ ಹರುಕು ಹಿಂದಿಗೆ ಇಳಿಯಲಿಲ್ಲ.
"ಬೆಳಿಗ್ಗೆ ಬೆಳಿಗ್ಗೆ ಎಂಥಾ ಗಲಾಟೆ ಮಾರಾಯ್ತಿ ನಿಂದು"
ಅಂತ ಶುರುಮಾಡಿ
ಊರವರಿಗೆ ಬೈಯುವ ಹಾಗೆ, ಉಸಿರು ಕಟ್ಟಿ, ಬೈದ.
ನಿಂತು ಪೂರ್ತಿ ಕೇಳಿದೆ.
ಚಿಲ್ಲರೆ ಮರೆತು ಬಂದೆ.

ಮನೆಯಲ್ಲಿ ರಾತ್ರಿ ಕಾವಲು ಮುಗಿಸಿ ಮಲಗಿದ ಗಂಡ,
ಸೀಟಿ ಇನ್ನೂ ಕೊರಳಲ್ಲೇ.
ತಡೆಯಲಾಗದೆ ಬಗ್ಗಿ, ಅವನ ಕಿವಿಗೆ:
"ಏಳು."

ಕಣ್ಣು ಬಿಡದೆ ಅವನೆಂದ,
"ಎಂಟು."