ಬಿಟ್ಟುಬಿಡಬಹುದಾದ ಎಕ್ಸ್

ಬಾಗೇಪಲ್ಲಿ ಕಡೆಯ ಏಳೂಕಾಲರ ಬಸ್ಸು
ಪೆರೇಸಂದ್ರದಲ್ಲಿ ಸೇವಂತಿಗೆ ಮೂಟೆ ಹತ್ತಿಸಿಕೊಂಡು
ಚಿಕ್ಕಬಳ್ಳಾಪುರ ಮುಟ್ಟುವಷ್ಟರಲ್ಲಿ
ಕೆಮಿಸ್ಟ್ರಿ ಹತ್ತು ನಿಮಿಷ ನಡೆದುಹೋಗಿರುತ್ತದೆ.
ಬಾಗಿಲಲ್ಲಿ ನಿಂತು ಒಳಗೆ ಬರಲಾ ಅನ್ನುವಾಗಲೂ
ಬಲಗೈ ತಾನಾಗಿ ಬಾಯಿಗೆ ಹೋಗುತ್ತದೆ.

ಮೊದಲ ಸೆಮಿಸ್ಟರಿನಲ್ಲಿ ಪರಮಾಣು ಒಂದೇ ಇತ್ತು,
ಅದರ ಮನೆ, ಅದರ ಸುತ್ತು, ಅದರ ಪಾಡು.
ಈಗ ಎಲ್ಲವೂ ಎಲ್ಲದರ ಜೊತೆ ಜಗಳಕ್ಕೆ ಬಿದ್ದಿವೆ.
ಆಮ್ಲ, ಪ್ರತ್ಯಾಮ್ಲ, ಲವಣ, ಸಮತೋಲನ:
ಹತ್ತನೇ ಕ್ಲಾಸಿನವರೆಗೆ ಹೀಗೆ ಕರೆದರೆ ಓಗೊಡುತ್ತಿದ್ದವು,
ಈಗ ಇಂಗ್ಲಿಷ್ ಹೆಸರಿಟ್ಟುಕೊಂಡು
ಸಿಟಿ ಸೇರಿದ ಚಿಕ್ಕಮ್ಮನ ಮಕ್ಕಳ ಹಾಗೆ
ಕಂಡರೂ ಕಾಣದಂತೆ ಹೋಗುತ್ತವೆ.
ಮನೆಯಲ್ಲಿ ತೆಲುಗು, ಬಸ್ಸಿನಲ್ಲಿ ಕನ್ನಡ, ಬೋರ್ಡಿನಲ್ಲಿ ಇಂಗ್ಲಿಷ್;
ಮೂರರಲ್ಲೂ ಸೊನ್ನೆ ಮಾತ್ರ ಒಂದೇ ಥರ.

ಪದ್ಮಾಕ್ಷಿ ಮೇಡಂ ಬರೆಯುತ್ತಾರೆ,
ಛೇದದಲ್ಲಿ ಪಾಯಿಂಟ್ ಒಂದು ಮೈನಸ್ ಎಕ್ಸ್.
"ಎಕ್ಸ್ ತುಂಬಾ ಚಿಕ್ಕದು. ಬಿಟ್ಟುಬಿಡಿ.
ಐದು ಪರ್ಸೆಂಟಿನೊಳಗೆ ಇದ್ದರೆ ಯಾರೂ ಕೇಳಲ್ಲ."
ಡಸ್ಟರ್ ಒಂದು ಸಲ ಆಡುತ್ತದೆ.
ವರ್ಗ ಸಮೀಕರಣ ತಪ್ಪಿತಲ್ಲ ಎಂದು
ಕ್ಲಾಸಿಗೆ ಕ್ಲಾಸೇ ಉಸಿರುಬಿಡುತ್ತದೆ.
ನಾನೂ.

ಗುರುವಾರ ಬಂತು ಕ್ಯಾಲ್ಸಿಯಂ ಫ್ಲೋರೈಡ್.
ಕೂತ ಬೆಂಚು ಬಿಸಿಯಾಯಿತು.
ಆ ಪದ ನಮ್ಮೂರಿಗೆ ಮೊದಲು ಬಂದದ್ದು ಪುಸ್ತಕದಲ್ಲಲ್ಲ,
ಜೀಪಿನಲ್ಲಿ. ಕೈಪಂಪಿಗೆ ಕೆಂಪು ಬಳಿದು ಹೋದರು.
ಬಣ್ಣ ಎರಡು ವರ್ಷಕ್ಕೆ ಉದುರಿತು, ನೀರು ಅದೇ.
ನಾನಾಗ ನಾಲ್ಕು ವರ್ಷದವಳು;
ಹಾಲುಹಲ್ಲಿನ ಹಿಂದೆ ಇನ್ನೊಂದು ಸಾಲು
ಕತ್ತಲಲ್ಲಿ ನೀರು ಕುಡಿಯುತ್ತ
ತಯಾರಾಗುತ್ತಿತ್ತು.

ಪಂಚಾಯ್ತಿ ಗೋಡೆಗೆ ಅಂಟಿಸಿದ್ದ ಕಾಗದ ನೆನಪಿದೆ:
ಲೀಟರಿಗೆ ಮೂರು ಪಾಯಿಂಟ್ ಎರಡು ಮಿಲಿಗ್ರಾಂ.
ರಫ್ ನೋಟಿನ ಮೂಲೆಯಲ್ಲಿ ಹತ್ತೊಂಬತ್ತರಿಂದ ಭಾಗಿಸಿದೆ,
ಆಮೇಲೆ ಸಾವಿರದಿಂದ.
ಬಿಂದುವಿನಾಚೆ ಮೂರು ಸೊನ್ನೆ, ಒಂದು, ಆರು, ಎಂಟು.
ಮೇಡಮ್ಮಿನ ಪಾಯಿಂಟ್ ಒಂದರ ಪಕ್ಕ ಇಟ್ಟು ನೋಡಿದೆ.
ಐದು ಪರ್ಸೆಂಟ್ ಎಲ್ಲಿ, ಇದೆಲ್ಲಿ.
ಕನ್ನಡಿಯಲ್ಲಿ ದಿನಾ ಕಾಣುವ ಈ ಕಂದು ಪಟ್ಟೆ,
ನೆಲಕ್ಕೆ ಕೂತರೆ ಏಳಲಾರದ ಅಮ್ಮನ ಮಂಡಿ,
ಲೆಕ್ಕದ ಪ್ರಕಾರ
ಬಿಟ್ಟುಬಿಡಬಹುದು.

ಕೈ ಎತ್ತಿದೆ, ಎಡಗೈ.
"ಮೇಡಂ, ಬಿಟ್ಟಿದ್ದು ಎಲ್ಲಿಗೆ ಹೋಗುತ್ತೆ?"
ಯಾರೋ ಹಿಂದೆ ನಕ್ಕರು.
ಮೇಡಂ ಚಾಕ್‌ಪೀಸ್ ಕೆಳಗಿಟ್ಟು ನನ್ನನ್ನು ನೋಡಿದರು,
ಬಾಯಿಗಡ್ಡ ಇದ್ದ ಕೈಯನ್ನೂ.
"ಎಲ್ಲಿಗೂ ಹೋಗಲ್ಲಮ್ಮ.
ಲೆಕ್ಕದಿಂದ ಹೋಗುತ್ತೆ, ಅಷ್ಟೆ."
ಬೆಲ್ ಆಯಿತು.

ಮಧ್ಯಾಹ್ನ ಲ್ಯಾಬು. ನನ್ನ ಜೋಡಿ ಜಬೀನಾ ತಾಜ್,
ಶಿಡ್ಲಘಟ್ಟದವಳು, ರೇಷ್ಮೆ ಬಿಚ್ಚುವ ಮನೆಯವಳು.
ಕುದಿವ ನೀರಲ್ಲಿ ಗೂಡಿನ ಎಳೆ ಹುಡುಕಿದ ಬೆರಳು
ಬಿಸಿ ಬೀಕರನ್ನು ಇಕ್ಕಳವಿಲ್ಲದೆ ಎತ್ತಿಡುತ್ತದೆ.
ಅಟೆಂಡರ್ ಪಿಳ್ಳಪ್ಪಣ್ಣ "ಅಯ್ಯೋ ತಾಯಿ!" ಎಂದು ಓಡಿಬಂದರೆ
"ಇದು ಬಿಸೀನಾ?" ಎಂದು ಕೇಳುತ್ತಾಳೆ, ನಿಜವಾಗಿಯೇ.

ಬ್ಯುರೆಟ್ಟಿನ ತಿರುಪಿನ ಮೇಲೆ ನನ್ನ ಎಡಗೈ,
ಫ್ಲಾಸ್ಕಿನ ಕತ್ತಿನಲ್ಲಿ ಬಲಗೈ, ಸುತ್ತಿಸುತ್ತ.
ಕೆಳಗೆ ಬಿಳಿ ಟೈಲು.
ಹನಿ. ಹನಿ. ಗುಲಾಬಿ ಬಣ್ಣ
ಹೊಸ ನೆಂಟರ ಹಾಗೆ ಹೊಸಿಲಲ್ಲಿ ನಿಂತು
ಕರೆಯುವಷ್ಟರಲ್ಲಿ ಹೋಗಿಬಿಡುತ್ತದೆ.
ಇಲ್ಲಿ ಅರ್ಧ ಹನಿಗೂ ಲೆಕ್ಕ,
ಅರ್ಧ ಹನಿಗೆ ಎರಡು ಮಾರ್ಕು.

"ಸಾಕು ಕಣೇ, ಸಾಕು!" ಅಂದಳು ಜಬೀನಾ.
ಅಷ್ಟರಲ್ಲಿ ಮೂರು ಬಿದ್ದಿದ್ದವು.
ಫ್ಲಾಸ್ಕಿನ ತುಂಬ ಕಡು ಗುಲಾಬಿ,
ಮಾರ್ಕೆಟ್ಟಿನಲ್ಲಿ ಬೆಳಗಿನ ಐದಕ್ಕೆ ಸುರಿಯುವ ಹಾಗೆ.
"ಶರಬತ್ತು ಮಾಡಿದ್ದೀಯ," ಅಂದಳು,
"ನಮ್ಮಣ್ಣನ ನಿಕಾಹಕ್ಕೆ ಅಡುಗೆಗೆ ನೀನೇ ಬಂದುಬಿಡು."

ನಗು ಬಂತು.
ಎರಡು ಕೈಯೂ ಕೆಲಸದಲ್ಲಿದ್ದವು.

"ಹತ್ತು ಪಾಯಿಂಟ್ ಆರು," ಅಂದಳು ಅವಳು
ನನ್ನ ಮುಖ ನೋಡುತ್ತಲೇ,
"ತಪ್ಪಾದರೂ ಬರಕೋ."