ಸ್ಟುಡಿಯೋ ಕೀಲಿ ಒಪ್ಪಿಸುವ ಮುನ್ನ

ಮೊದಲು ಫ್ಯಾನ್ ಆರಿಸು, ಸಾಬಿರಾ.
ಸೆಕೆಗೆ ಸಾಯ್ತೀಯ, ನಿಜ. ಆದರೂ ಆರಿಸು.
ಮೈಕಿಗೆ ನಮ್ಮ ಬೆವರು ಕೇಳಿಸುವುದಿಲ್ಲ,
ಫ್ಯಾನಿನ ಗೊರಗೊರ ಕೇಳಿಸುತ್ತೆ.

ಗೋಡೆಗೆ ಅಂಟಿಸಿದ ಮೊಟ್ಟೆ ಟ್ರೇ ನೋಡಿ ನಗಬೇಡ.
ಯಾವುದೋ ಬ್ಯಾಚಿನವರು ಮೆಸ್ಸಿನಿಂದ ಹೊತ್ತು ತಂದದ್ದು.
ಮೈಸೂರು ರಸ್ತೆಯ ಲಾರಿಗಳನ್ನು ಅವು ತಡೆಯುವುದಿಲ್ಲ;
ನಮ್ಮ ಧೈರ್ಯಕ್ಕೆ ಇವೆ, ಅಷ್ಟೆ.

ಮೂರು ವರ್ಷದ ಕೆಳಗೆ ಇದೇ ಕುರ್ಚಿಯಲ್ಲಿ ಕೂತು
'ಹವಾಮಾನ ವರದಿ' ಓದಲು ಹೋಗಿ
'ಅವಮಾನ ವರದಿ' ಅಂದವಳು ನಾನು.
ಗಾಜಿನಾಚೆ ಇಡೀ ಕ್ಲಾಸು ನಕ್ಕಿತು, ಸದ್ದೇ ಇಲ್ಲದೆ.
ಒಳ್ಳೆಯ ಗಾಜು ಅದು, ಎರಡು ಪದರ.
ನಮ್ಮನೆಯಲ್ಲಿ ಹಾಲು ಆಲು, ಹೂವು ಊವು, ಹಸಿವು ಅಸಿವು;
ಅದರಿಂದ ಯಾವತ್ತೂ ಹಾಲು ಒಡೆದಿರಲಿಲ್ಲ.
ಆಮೇಲೆ ಆರು ತಿಂಗಳು ಬಸ್ಸಿನ ಕಿಟಕಿಗೆ ಮುಖ ಕೊಟ್ಟು
ಹ, ಹ, ಹಾ ಅಂತ ಉಸಿರು ಬಿಟ್ಟೆ, ಗಾಜು ಮಂಜಾಗುವವರೆಗೆ.
ಕಂಡಕ್ಟರ್ ಕೇಳಿದ, "ಏನಮ್ಮಾ, ದಮ್ಮಾ?"

ಈಗ ಹಕಾರ ಬರುತ್ತೆ. ಕರೆದಾಗ ಬರುತ್ತೆ.
ಮನೆಯಲ್ಲಿ ಬಾಯಿ ತಪ್ಪಿ 'ಹಾಲು' ಅಂದರೆ
ಅಮ್ಮ ತಿರುಗಿ ನೋಡುತ್ತಾಳೆ,
ಯಾರೋ ನೆಂಟರು ಬಂದರು ಅನ್ನುವ ಹಾಗೆ.
ನಿನ್ನ ಕಾಟ ಳಕಾರದ್ದು. ಬೆಳಗ್ಗೆ ಎದ್ದು ಮಳೆ, ಕೊಳೆ, ಬೇಳೆ ಅನ್ನು.
ಕಲಿ. ಕಲಿತದ್ದಕ್ಕೆ ಏನು ತೆತ್ತೆ ಅಂತಲೂ
ಎಲ್ಲಾದರೂ ಬರೆದಿಟ್ಟುಕೋ.

ಸಿಲಬಸ್ಸಿನಲ್ಲಿ ಇಲ್ಲದ್ದು ಇದು:
ಕೆಂಪು ದೀಪ ಮಿಣುಕುತ್ತಿದ್ದರೆ ರೆಕಾರ್ಡರ್ ಕಾಯುತ್ತಿದೆ,
ಹಿಡಿಯುತ್ತಿಲ್ಲ.
ನನಗೆ ಗೊತ್ತಿರಲಿಲ್ಲ. ಕಲಾಸಿಪಾಳ್ಯ, ಬೆಳಗಿನ ಜಾವ ನಾಲ್ಕೂವರೆ,
ಸೊಪ್ಪಿನ ಮೂಟೆಯ ಮೇಲೆ ಕೂತ ಪಿಳ್ಳಮ್ಮ
ನಲವತ್ತು ನಿಮಿಷ ಮಾತಾಡಿದಳು,
ಕಟ್ಟು ಬಿಚ್ಚುತ್ತ, ಕಟ್ಟು ಕಟ್ಟುತ್ತ.
ತೀರಿಹೋದ ಮಗಳ ಹೆಸರು ಬಂದಾಗ ಮಾತ್ರ
ಕೈ ನಿಂತಿತು.
ದೀಪ ಕೊನೆಯವರೆಗೂ ಮಿಣುಕುತ್ತಲೇ ಇತ್ತು.

ಮರುದಿನ ಮತ್ತೆ ಹೋದೆ. ಮತ್ತೆ ಹೇಳಿದಳು, ಪಾಪ, ಕೇಳಿದೆನಲ್ಲ ಅಂತ.
ಈ ಸಲ ಹನ್ನೊಂದು ನಿಮಿಷ.
ಮಗಳ ಹೆಸರು ಬಂತು, ಹೋಯಿತು. ಕೈ ನಿಲ್ಲಲಿಲ್ಲ.
ಆ ಹನ್ನೊಂದು ನಿಮಿಷಕ್ಕೆ ನನಗೆ ಎ ಗ್ರೇಡ್.

ಸ್ಟುಡಿಯೋ ನೋಡಿಕೊಳ್ಳುವ ಮುನಿಯಲ್ಲಪ್ಪನವರನ್ನು ಕೇಳು.
ಪ್ರೊಫೆಸರನ್ನೂ ಕೇಳು, ಆಮೇಲೆ.
"ಎಲ್ಲಿಗೇ ಹೋಗು, ಒಂದ್ ನಿಮಿಷ ತೆಪ್ಪಗಿದ್ದು
ಆ ಜಾಗದ ಮೌನ ಹಿಡ್ಕೊಂಡ್ ಬಾ ತಾಯಿ,
ಕತ್ತರಿಸಿದ್ ಕಡೆ ತೇಪೆ ಹಾಕಕ್ಕೆ ಬೇಕಾಯ್ತದೆ."
ನನ್ನ ಪೆನ್‌ಡ್ರೈವ್ ತುಂಬ ಈಗ ಮೌನಗಳು:
ಕ್ಷೌರದಂಗಡಿಯದು, ಕೋರ್ಟಿನ ಕಾರಿಡಾರಿನದು,
ಕೊನೆಯ ಮೆಟ್ರೋ ಹೊರಟ ಮೇಲಿನ ಪ್ಲಾಟ್‌ಫಾರ್ಮಿನದು.
ಒಂದರ ತೇಪೆ ಇನ್ನೊಂದಕ್ಕೆ ಕೂರುವುದಿಲ್ಲ.

ಕೆಲಸ ಸಿಗುತ್ತಾ ಅಂದೆಯಲ್ಲ. ಗೊತ್ತಿಲ್ಲ.
ಚಾನೆಲ್ಲಿನಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್:
ಸಾವಾದ ಮನೆಗೆ ಫೋನ್ ಮಾಡಿ
"ಹೇಗನ್ನಿಸ್ತಿದೆ ನಿಮಗೆ?" ಅಂತ ಕೇಳುವುದು.
ಹಕಾರ ಸ್ಪಷ್ಟವಾಗಿತ್ತು.
ಮೂರನೆಯ ಮನೆಗೆ ನಂಬರ್ ಒತ್ತಲೇ ಇಲ್ಲ,
"ಸ್ವಿಚ್ ಆಫ್ ಬರ್ತಿದೆ ಸಾರ್" ಅಂದುಬಿಟ್ಟೆ.
ಇದನ್ನು ಸಲಹೆ ಅಂತ ತಗೋಬೇಡ.

ನಮ್ಮ ರೇಡಿಯೋ ಕೇಳಿಸುವುದು ನಾಯಂಡಹಳ್ಳಿಯವರೆಗೆ,
ಅಲ್ಲಿಂದಾಚೆ ಬರೀ ಸೊರ್ರ್.
ಬುಧವಾರ ಅಮ್ಮ ಗಾರ್ಮೆಂಟ್ಸ್ ಮುಗಿಸಿ ಬಂದು
ಅಲ್ಲಿಯ ಸ್ಟಾಪಿನಲ್ಲಿ ಎರಡು ಬಸ್ಸು ಬಿಟ್ಟು
ಕಿವಿಗೆ ವೈರು ಸಿಕ್ಕಿಸಿಕೊಂಡು ನಿಲ್ಲುತ್ತಾಳೆ.
ಸುದ್ದಿ ಏನಿತ್ತು ಅಂದರೆ ಅವಳಿಗೆ ನೆನಪಿರುವುದಿಲ್ಲ.
"ನಡೂವೆ ಉಸಿರು ಕಟ್ತಲ್ಲ, ಯಾಕೆ?" ಅನ್ನುತ್ತಾಳೆ.
ಅಂಥ ಒಬ್ಬರಿಗೆ ಓದು ಬುಲೆಟಿನ್.
ಊರಿಗೆಲ್ಲ ಓದಲು ಹೋಗಬೇಡ.

ಕೀಲಿ ಮರಳಿನ ಬಕೆಟ್ಟಿನೊಳಗಿರುತ್ತೆ, ಎಡಗಡೆಯದು.
ಎರಡನೇ ಫೇಡರ್ ಕರಕರ ಅನ್ನುತ್ತೆ, ನಿಧಾನ ಎತ್ತು.
ದೀಪ ನೋಡು. ಮಿಣುಕುತ್ತಿದೆಯಾ?
ಇನ್ನೊಂದು ಸಲ ಒತ್ತು.